ದೇವಕಣ ಸಿಕ್ಕಿತು, ದೇವರ ಗತಿ?

ಪ್ರಶ್ನೆ: ಮಗಳು ಎಂ.ಎಸ್ಸಿ. ಫಿಸಿಕ್ಸ್ ಓದುತ್ತಿದ್ದಾಳೆ. ‘ದೇವಕಣ ಸಿಕ್ಕಾಯ್ತು, ಇನ್ನು ಸೃಷ್ಟಿಗೆ ದೇವರು ಯಾಕೆ?’ ಅನ್ನುತ್ತಾಳೆ. ನಮ್ಮ ಮಾವನವರು ‘ಆ ಪ್ರಯೋಗ ನಡೆದ ಜಾಗದಲ್ಲೇ ನಟರಾಜನ ಮೂರ್ತಿ ಇದೆ, ವಿಜ್ಞಾನಿಗಳೂ ಶಿವನನ್ನು ಒಪ್ಪಿದ್ದಾರೆ’ ಅನ್ನುತ್ತಾರೆ. ಊಟಕ್ಕೆ ಕೂತರೆ ಇದೇ ಜಗಳ. ಯಾರು ಸರಿ?
– ಗೃಹಿಣಿ, ದಾವಣಗೆರೆ

ಉತ್ತರ: ಅಮ್ಮಾ, ಇಬ್ಬರೂ ಆ ಪುಟ್ಟ ಕಣದ ಮೇಲೆ ಅದು ಹೊರಲಾರದ ಭಾರ ಹೊರಿಸಿದ್ದಾರೆ. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವನು. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿಯೇ ಕ್ಲಾಸಿಗೆ ಹೋಗುತ್ತಿದ್ದೆ. ಹಾಗಾಗಿ ಇಬ್ಬರ ಮೇಲೂ ನನಗೆ ಪ್ರೀತಿ ಇದೆ.

ಮೂರ್ತಿ ಇರುವುದು ನಿಜ. ಜಿನೀವಾ ಹತ್ತಿರ ಸೆರ್ನ್ ಅನ್ನುವ ಭೌತವಿಜ್ಞಾನ ಪ್ರಯೋಗಾಲಯದ ಆವರಣದಲ್ಲಿದೆ, ಎರಡು ಮೀಟರ್ ಎತ್ತರ. ಭಾರತ ಸರ್ಕಾರ ಉಡುಗೊರೆ ಕೊಟ್ಟಿದ್ದು, 2004ರಲ್ಲಿ ಅನಾವರಣವಾಯಿತು. ಹಿಗ್ಸ್ ಕಣ, ಅಂದರೆ ನಿಮ್ಮ ಮಗಳು ಹೇಳುವ ‘ದೇವಕಣ’, ಸಿಕ್ಕ ಸುದ್ದಿ ಬಂದಿದ್ದು 2012ರ ಜುಲೈ 4ರಂದು. ಮಾವನವರು ಹೆಮ್ಮೆ ಪಡಲಿ, ನನಗೂ ಹೆಮ್ಮೆಯೇ. ಆದರೆ ಉಡುಗೊರೆಯನ್ನು ಸಾಕ್ಷಿ ಅಂತ ಹೇಳೋಕಾಗಲ್ಲ.

ಇನ್ನು ಮಗಳ ಮಾತು. ‘ದೇವಕಣ’ ಅನ್ನುವುದು 1993ರ ಒಂದು ಪುಸ್ತಕದ ಶೀರ್ಷಿಕೆಯಿಂದ ಬಂದ ಹೆಸರು. ಇಂಥ ಕಣ ಇರಬೇಕು ಅಂತ ಮೊದಲೇ ಊಹಿಸಿದ್ದ ಪೀಟರ್ ಹಿಗ್ಸ್ ನಾಸ್ತಿಕರಾಗಿದ್ದರು, ಆ ಹೆಸರು ಅವರಿಗೂ ಹಿಡಿಸಲಿಲ್ಲ. ನಿಜವಾಗಿ ಸಿಕ್ಕಿದ್ದೇನು ಗೊತ್ತಾ? ನೆಲದಡಿ ಸುಮಾರು ನೂರು ಮೀಟರ್ ಆಳ, 27 ಕಿಲೋಮೀಟರ್ ಸುತ್ತಳತೆಯ ಸುರಂಗ. ಅಲ್ಲಿ ಪ್ರೋಟಾನುಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಹಿಗ್ಸ್ ಕಣ ಹುಟ್ಟಿದರೂ ಕ್ಷಣದೊಳಗೆ ಒಡೆದುಹೋಗುತ್ತದೆ. ಸಾವಿರಕ್ಕೆ ಸುಮಾರು ಎರಡು ಸಲ ಮಾತ್ರ ಎರಡು ಬೆಳಕಿನ ಕಣಗಳಾಗಿ ಒಡೆಯುತ್ತದೆ. ಅಂಥವನ್ನು ಹೆಕ್ಕಿ ಗ್ರಾಫ್ ಹಾಕಿದಾಗ, ಇಳಿಜಾರಿನ ಗೆರೆಯ ಮೇಲೆ 125 ಜಿಇವಿ (ಕಣಗಳ ತೂಕ ಹೇಳುವ ಅಳತೆ) ಹತ್ತಿರ ಒಂದು ಸಣ್ಣ ಉಬ್ಬು ಕಾಣಿಸಿತು. ಅಷ್ಟೇ. ಆ ಉಬ್ಬು ನೋಡಿ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಎಲೆಕ್ಟ್ರಾನ್, ಕ್ವಾರ್ಕ್‌ಗಳಿಗೆ ತೂಕ ಹೇಗೆ ಬಂತು ಅನ್ನುವ ವಿವರಣೆಗೆ ಅದು ಆಧಾರ. ಜಗತ್ತು ಯಾಕಿದೆ ಅನ್ನುವ ಪ್ರಶ್ನೆಯನ್ನು ಅದು ಮುಟ್ಟುವುದೂ ಇಲ್ಲ.

ಮಹಾಸ್ಫೋಟದ ವಿಚಾರಕ್ಕೆ ಬುನಾದಿ ಹಾಕಿದ ಜಾರ್ಜ್ ಲೆಮೈತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಆ ಸಿದ್ಧಾಂತವನ್ನು ಸೃಷ್ಟಿಕರ್ತನಿಗೆ ಬೆಂಬಲ ಅನ್ನುವ ಹಾಗೆ ಮಾತಾಡಿದಾಗ, ಇರುಸುಮುರುಸಾಗಿದ್ದು ಈ ಪಾದ್ರಿಗೇ. ಇದನ್ನು ಮಾವನವರಿಗೆ ಓದಿ ಹೇಳಿ.

ಮಗಳಿಗೆ ಭೌತವಿಜ್ಞಾನಿಗಳಾದ ಅಬ್ದುಸ್ ಸಲಾಂ ಮತ್ತು ಸ್ಟೀವನ್ ವೈನ್‌ಬರ್ಗ್ ವಿಷಯ ಹೇಳಿ. ಸಲಾಂ ಅಲ್ಲಾಹನನ್ನು ಮನಸಾರೆ ನಂಬಿದವರು. ನೊಬೆಲ್ ಔತಣದ ಭಾಷಣದಲ್ಲೂ ಕುರಾನಿನ ಸಾಲು ಹೇಳಿದರು. ವೈನ್‌ಬರ್ಗ್ ಪಕ್ಕಾ ನಾಸ್ತಿಕರು. 1967–68ರಲ್ಲಿ ಇಬ್ಬರೂ ಬೇರೆಬೇರೆಯಾಗಿ ಕೂತು, ಹಿಗ್ಸ್ ವಿಚಾರವನ್ನೇ ಬಳಸಿ, ಒಂದೇ ಸಿದ್ಧಾಂತಕ್ಕೆ ಬಂದರು. 1979ರ ನೊಬೆಲ್ ಬಹುಮಾನವನ್ನು ಇನ್ನೊಬ್ಬ ಭೌತವಿಜ್ಞಾನಿ ಗ್ಲಾಶೋ ಜೊತೆ ಹಂಚಿಕೊಂಡರು. ಲೆಕ್ಕದಲ್ಲಿ ಇಬ್ಬರಿಗೂ ತಕರಾರಿರಲಿಲ್ಲ, ದೇವರ ವಿಷಯದಲ್ಲಿ ಇಬ್ಬರೂ ತಮ್ಮ ನಿಲುವು ಬಿಡಲಿಲ್ಲ. ಆ ಲೆಕ್ಕ ಬರೆದವರಿಗೇ ಅದು ದೇವರ ವಿಷಯ ತೀರ್ಮಾನ ಮಾಡಿಕೊಡಲಿಲ್ಲ ಅಂದಮೇಲೆ ನಿಮ್ಮನೆಯಲ್ಲಿ ಹೇಗೆ ಮಾಡಿಕೊಟ್ಟೀತು?

ಭಾನುವಾರ ಮಗಳು ಆ ಗ್ರಾಫನ್ನು ತಾತನಿಗೆ ತೋರಿಸಿ, ಉಬ್ಬು ಯಾಕೆ ಬಂತು ಅಂತ ಸಾವಕಾಶವಾಗಿ ವಿವರಿಸಲಿ. ತಾತ ಕೇಳುವ ಪ್ರಶ್ನೆಗಳಲ್ಲಿ ಅವಳಿಗೆ ಉತ್ತರ ಬಾರದ್ದಿದ್ದರೆ ನನಗೆ ಬರೆದು ಕಳಿಸಿ.