ಓದುಗರ ಪ್ರಶ್ನೆ: ಯಾವ ಕಾದಂಬರಿ ಓದೋಣ?

ಪ್ರಶ್ನೆ: ಮಗಳು ಬೆಂಗಳೂರಲ್ಲಿ ಕೆಲಸಕ್ಕಿದ್ದಾಳೆ. ಇಂಗ್ಲಿಷ್ ಕಾದಂಬರಿ ತುಂಬಾ ಓದುತ್ತಾಳೆ. ಮೊನ್ನೆ ಫೋನಲ್ಲಿ "ಆಯಿ, ಕನ್ನಡದ್ದು ಒಳ್ಳೇದು ಯಾವ್ದು ಹೇಳು" ಅಂದಳು. ಏನು ಕಳಿಸಲಿ?
– ಓದುಗಿ, ಶಿರಸಿ

ಉತ್ತರ: ಅಕ್ಕಾ, ದಯವಿಟ್ಟು ಪ್ರಶಸ್ತಿ ಬಂದ ಪುಸ್ತಕಗಳ ಪಟ್ಟಿ ಹಿಡಿದು ಹೊರಡಬೇಡಿ. ಊರು ಬಿಟ್ಟು ಶಹರದಲ್ಲಿ ಇರುವ ಹುಡುಗಿಗೆ ತನ್ನ ಬದುಕೇ ಕಾಣುವಂಥ ಪುಸ್ತಕ ಮೊದಲು ಸಿಗಬೇಕು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಕಳಿಸಿ. ಬೆಂಗಳೂರಿನ ಕತೆ, ಒಂದೇ ಪಟ್ಟಿಗೆ ಓದಿ ಮುಗಿಸುವಷ್ಟು ಸಣ್ಣದು. ಅಪ್ಪ ಚಹಾಪುಡಿ ಮಾರಿ ನಡೆಸುತ್ತಿದ್ದ ಮನೆ, ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರ್ ಶ್ರೀಮಂತವಾಗುತ್ತದೆ. ಹಳೇ ಬಾಡಿಗೆ ಮನೆಯಲ್ಲಿ ಇರುವೆಗಳ ಕಾಟ, ಮನೆಮಂದಿಯೆಲ್ಲ ಸೇರಿ ಅವನ್ನು ಕೊಲ್ಲುವುದು, ಅದರಲ್ಲಿ ಅವರಿಗೆ ಬರುವ ಹುರುಪು – ಓದುವಾಗ ಮೊದಲು ಇದು ಸಣ್ಣ ಸಂಗತಿ ಅನಿಸುತ್ತದೆ. ಕಾದಂಬರಿ ಮುಗಿಯುವ ಹೊತ್ತಿಗೆ ಆ ಇರುವೆಗಳು ನೆನಪಾಗಿ ಮೈ ಜುಂ ಅನ್ನುತ್ತದೆ. ಇದು ಇಂಗ್ಲಿಷಿಗೂ ಬಂದಿದೆ, ಆದರೆ ಅವಳಿಗೆ ಕನ್ನಡದ್ದನ್ನೇ ಕೊಡಿ.

ಅದು ಹಿಡಿಸಿದರೆ ವಸುಧೇಂದ್ರರ 'ತೇಜೋ ತುಂಗಭದ್ರಾ'. 2019ರದ್ದು, ದಪ್ಪ ಪುಸ್ತಕ. ಒಂದು ಕಡೆ ಲಿಸ್ಬನ್ನು, ಇನ್ನೊಂದು ಕಡೆ ವಿಜಯನಗರ, ನಡುವೆ ಗೋವಾ. ದಪ್ಪ ಇದ್ದರೂ ಓಡಿಸಿಕೊಂಡು ಹೋಗುತ್ತದೆ.

ಪ್ರಶ್ನೆ: ನಿವೃತ್ತನಾದೆ, ಈಗ ಪುರಸೊತ್ತಿದೆ. ನಮ್ಮ ಜಿಲ್ಲೆಯವರು ಬರೆದ ಕಾದಂಬರಿ ಓದಬೇಕು ಅಂತ ಆಸೆ. ಎಲ್ಲಿಂದ ಸುರು ಮಾಡಲಿ?
– ಓದುಗರು, ಕಾರವಾರ

ಉತ್ತರ: ನಿಮ್ಮ ಪತ್ರ ನೋಡಿ ಖುಷಿಯಾಯಿತು, ಯಾಕೆಂದರೆ ಇದರ ಬಗ್ಗೆ ನನಗೆ ಹೇಳೋದು ಜಾಸ್ತಿ ಇದೆ. ಯಶವಂತ ಚಿತ್ತಾಲರ 'ಶಿಕಾರಿ'ಯಿಂದ ಸುರು ಮಾಡಿ ಸರ್. ಚಿತ್ತಾಲರು ಹನೇಹಳ್ಳಿಯವರು, ಕೆಲಸ ಮಾಡಿದ್ದು ಮುಂಬಯಿಯಲ್ಲಿ, ಪ್ಲಾಸ್ಟಿಕ್ ಉದ್ಯಮದಲ್ಲಿ. 1979ರಲ್ಲಿ ಬಂದ ಈ ಕಾದಂಬರಿಯ ನಾಗಪ್ಪ ಕೂಡ ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವವನು. ಒಂದು ದಿನ ಅವನನ್ನು ಸಸ್ಪೆಂಡ್ ಮಾಡುತ್ತಾರೆ. ತಪ್ಪೇನು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಲ್ಲಿಂದ ಅವನ ತಲೆಯೊಳಗೆ ಓಡುವ ಯೋಚನೆಗಳು – ಇದು ಯಾರ ಕೆಲಸ, ಯಾರು ಗೆಳೆಯ, ಯಾರು ವೈರಿ, ಊರಲ್ಲಿ ಚಿಕ್ಕಂದಿನಲ್ಲಿ ಆದದ್ದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ – ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಾ ನಮಗೂ ಉಸಿರು ಕಟ್ಟಿದ ಹಾಗಾಗುತ್ತದೆ. ಆಫೀಸಿನ ರಾಜಕೀಯವನ್ನು ಇಷ್ಟು ಒಳಗಿನಿಂದ ಬರೆದ ಕಾದಂಬರಿ ಕನ್ನಡದಲ್ಲಿ ನಾನು ಬೇರೆ ಓದಿಲ್ಲ. ನೌಕರಿ ಮಾಡಿ ಬಂದವರು ನೀವು, ನಿಮಗೆ ಇದು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಮೊದಲ ಕೆಲವು ಪುಟ ಬಿಗಿ ಅನಿಸಬಹುದು, ಬಿಡಬೇಡಿ. ದಿನಕ್ಕೆ ಸ್ವಲ್ಪ ಸ್ವಲ್ಪ ಓದಿ.

ಶಾಂತಿನಾಥ ದೇಸಾಯಿಯವರೂ ನಮ್ಮವರೇ, ಹಳಿಯಾಳದವರು. ಅವರ 'ಮುಕ್ತಿ' 1961ರಲ್ಲೇ ಬಂತು. ಅಂದಿನ ಓದಿದ ಹುಡುಗರ ತಳಮಳ ಅದರಲ್ಲಿದೆ. ಕೆಲವು ಕಡೆ ಹಳತಾಗಿದೆ ಅನಿಸಿತು, ಆದರೂ ಓದಿ.

ಇನ್ನೊಂದು, ಬರೆದವರು ನಮ್ಮ ಜಿಲ್ಲೆಯವರಲ್ಲ, ಆದರೆ ಕಾರವಾರದವರು ಓದಲೇಬೇಕು: ಗೋಪಾಲಕೃಷ್ಣ ಪೈಗಳ 'ಸ್ವಪ್ನ ಸಾರಸ್ವತ'. ಪೋರ್ತುಗೀಜರ ಕಾಲದಲ್ಲಿ ಗೋವಾ ಬಿಟ್ಟು ದಕ್ಷಿಣಕ್ಕೆ ಹೊರಟ ಸಾರಸ್ವತರ ಕತೆ. ತಲೆಮಾರುಗಳ ಕತೆಯಾದ್ದರಿಂದ ಹೆಸರುಗಳು ಜಾಸ್ತಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅನುಕೂಲ. ಕಾಳಿ ನದಿ ಆಚೆ ಸ್ವಲ್ಪ ದೂರದಲ್ಲೇ ಗೋವಾ ಇರುವ ನಿಮಗೆ, ಆ ದಾರಿ ಬರೀ ಇತಿಹಾಸ ಅನಿಸುವುದಿಲ್ಲ.

ಪ್ರಶ್ನೆ: ಅಣೆಕಟ್ಟಿನಿಂದ ಮನೆ ಕಳೆದುಕೊಂಡವರ ಬಗ್ಗೆ ಕಾದಂಬರಿ ಇದೆಯಾ?
– ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ಇದೆ ತಂಗಿ. ನಿಮ್ಮೂರಲ್ಲಿ ಸಮುದ್ರ ಸೇರುವ ಶರಾವತಿಗೇ ಮೇಲೆ ಲಿಂಗನಮಕ್ಕಿಯಲ್ಲಿ ಕಟ್ಟೆ ಹಾಕಿದ್ದು. ಸಾಗರದ ನಾ. ಡಿಸೋಜರು ಆ ಮುಳುಗಡೆಯನ್ನು ಕಣ್ಣಾರೆ ಕಂಡು ಬರೆದವರು. 'ದ್ವೀಪ' ಓದು. ನೀರು ಏರುತ್ತಾ ಬಂದರೂ ಜಾಗ ಬಿಡಲಾಗದೆ ಗುಡ್ಡದ ಮೇಲೆ ಉಳಿದ ಕುಟುಂಬದ ಕತೆ. ಗಿರೀಶ್ ಕಾಸರವಳ್ಳಿ ಇದನ್ನೇ ಸಿನಿಮಾ ಮಾಡಿದ್ದಾರೆ, ಆದರೆ ಪುಸ್ತಕ ಓದಿದ ಮೇಲೆ ನೋಡು. ಯೋಜನೆಯಿಂದ ಜಾಗ ಬಿಟ್ಟವರು ನಮ್ಮ ಜಿಲ್ಲೆಯಲ್ಲೂ ಕಡಿಮೆ ಇಲ್ಲ. ಕಾಳಿ ನದಿಯ ಕಟ್ಟೆಗಳು, ಕಾರವಾರದ ಸೀಬರ್ಡ್ ನೌಕಾನೆಲೆ ಎಲ್ಲ ನೆನೆದರೆ ಈ ಸಣ್ಣ ಪುಸ್ತಕ ನಮ್ಮ ಮನೆಮನೆಯಲ್ಲಿ ಇರಬೇಕು ಅನಿಸುತ್ತದೆ.

ಪ್ರಶ್ನೆ: ಕಾರಂತರದ್ದು ಒಂದೇ ಒಂದು ಓದುವುದಾದರೆ ಯಾವುದು? 'ಮೂಕಜ್ಜಿ' ಅರ್ಧಕ್ಕೆ ಬಿಟ್ಟೆ.
– ಓದುಗ, ಅಂಕೋಲಾ

ಉತ್ತರ: ಬಿಟ್ಟರೆ ಬಿಟ್ಟಿರಿ, ಬೇಜಾರು ಬೇಡ. 'ಮರಳಿ ಮಣ್ಣಿಗೆ' ಹಿಡಿಯಿರಿ. 1940ರ ದಶಕದ್ದು. ಕೋಡಿ ಅನ್ನುವ ಕಡಲ ದಂಡೆಯ ಊರು, ಮೂರು ತಲೆಮಾರು. ರಾಮ ಐತಾಳರು ಪೌರೋಹಿತ್ಯಕ್ಕೆ ಅಂತ ಊರೂರು ತಿರುಗುತ್ತಾರೆ, ಇತ್ತ ಹೆಂಡತಿ ಪಾರೋತಿ ಮತ್ತು ತಂಗಿ ಸರಸೋತಿ ಗದ್ದೆ ಮನೆ ಎರಡನ್ನೂ ಎಳೆಯುತ್ತಾರೆ. ಗಂಡಸರು ಬರುತ್ತಾರೆ, ಹೋಗುತ್ತಾರೆ, ಸಾಲ ಮಾಡುತ್ತಾರೆ. ಮಣ್ಣು ಹಿಡಿದು ನಿಲ್ಲುವುದು ಈ ಹೆಂಗಸರು. ಮುಂದೆ ಬರುವ ಸೊಸೆ ನಾಗವೇಣಿಯ ಪಾಲಿನ ಕಷ್ಟ ಓದುವಾಗ ಆ ಗಂಡ ಲಚ್ಚನ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಮ್ಮ ಕರಾವಳಿಯ ಯಾವ ಮನೆಯ ಕತೆಯೂ ಆಗಬಹುದು ಅದು, ಅಲ್ವಾ?

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗನಿಗೆ?
– ತಂದೆ, ಕುಮಟಾ

ಉತ್ತರ: ತೇಜಸ್ವಿಯವರ 'ಕರ್ವಾಲೊ'. ಬೇರೆ ಯೋಚನೆ ಬೇಡ. ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೊರಟ ವಿಜ್ಞಾನಿ, ಜೊತೆಗೆ ಮಂದಣ್ಣ. ಸುಮ್ನೆ ಅವನ ಕೈಗೆ ಸಿಗುವ ಹಾಗೆ ಮೇಜಿನ ಮೇಲೆ ಇಡಿ, ಓದು ಓದು ಅಂತ ಹಿಂದೆ ಬೀಳಬೇಡಿ.