ಅರೇಬಿಕ್ ಅಕ್ಷರಕ್ಕೆ ಮೊದಲು ಚುಕ್ಕೆ ಇಡುವುದನ್ನು ಕಲಿಯಿರಿ

ಮೇಡಂ, ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ನೋಡಿದೆ. ಎರಡು ಸಾಲಲ್ಲಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಇವತ್ತು ಬಿಡುವು ಮಾಡಿಕೊಂಡು ಬರೆಯುತ್ತಿದ್ದೇನೆ.

ಗುಂಪಿಗೆ ಹೊಸದಾಗಿ ಸೇರಿದವರಿಗೆ ವಿಷಯ ಇಷ್ಟು. ಮೇಡಂ ಚಿತ್ರಕಲಾ ಶಿಕ್ಷಕಿ. ಶಾಲೆ ಮಕ್ಕಳ ಜೊತೆ ವಿಜಯಪುರಕ್ಕೆ ಹೋದಾಗ ಇಬ್ರಾಹಿಂ ರೋಜಾದ ಕಲ್ಲಿನ ಕಿಟಕಿಗಳಲ್ಲಿರುವ ಅರೇಬಿಕ್ ಅಕ್ಷರಗಳಿಗೆ ಮನಸೋತಿದ್ದಾರೆ. ಜೊತೆಯಲ್ಲಿ ಕೆಲಸ ಮಾಡುವ ಟೀಚರ್ ಒಬ್ಬರು ಹೊಸ ಮನೆ ಕಟ್ಟಿಸಿದ್ದಾರೆ. ಅವರಿಗೆ ‘ಸಲಾಂ’ ಎಂದು ಬರೆದು ಫ್ರೇಮ್ ಹಾಕಿಸಿ ಕೊಡುವ ಆಸೆ. ಚಪ್ಪಟೆ ಮೊನೆಯ ಮಾರ್ಕರ್ ತಂದು ಬರೆದರೆ ಅಕ್ಷರಕ್ಕೆ ಜೀವವೇ ಬರುತ್ತಿಲ್ಲ ಅಂತಾರೆ. ಯಾವ ಪೆನ್ನು, ಯಾವ ಶೈಲಿ, ಅರೇಬಿಕ್ ಬಾರದವರು ಕಲಿಯಬಹುದಾ, ಚಿತ್ರ ಬರೆಯಬಾರದು ಅಂತ ಇದ್ದದ್ದಕ್ಕೇ ಅಕ್ಷರವನ್ನು ಕಲೆ ಮಾಡಿಕೊಂಡರಾ, ಇವು ಅವರ ಪ್ರಶ್ನೆಗಳು.

ಮೊದಲು ನಿಮ್ಮ ಫೋಟೋ ವಿಷಯ. ಅದರಲ್ಲಿ ನಾಲ್ಕೂ ಅಕ್ಷರ ಬಿಡಿಬಿಡಿಯಾಗಿ ನಿಂತಿವೆ, ಅದೂ ಎಡದಿಂದ ಬಲಕ್ಕೆ. ಇದು ನಿಮ್ಮ ಕೈಯ ತಪ್ಪಲ್ಲ. ಕಂಪ್ಯೂಟರಿನ ಕೆಲವು ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಅರೇಬಿಕ್ ಸೆಟ್ಟಿಂಗ್ ಆನ್ ಮಾಡದೆ ಪೇಸ್ಟ್ ಮಾಡಿದರೆ ಹೀಗೇ ಆಗುತ್ತದೆ: ಅಕ್ಷರಗಳ ಕೊಂಡಿ ಕಳಚಿ, ಸಾಲು ತಿರುಗಿ ಬರುತ್ತದೆ. ನೀವು ಅದನ್ನೇ ನೋಡಿ ಬರೆದಿದ್ದೀರಿ. ಓದಲು ಬರುವವರು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ಸರಿಯಾದ ರೂಪ ಹೀಗಿದೆ. ಬಲಗಡೆಯಿಂದ ಶುರು. ಮೊದಲು ಸೀನ್, ಮೂರು ಸಣ್ಣ ಹಲ್ಲಿನ ಅಕ್ಷರ. ಅದಕ್ಕೆ ಲಾಮ್ ಅಂಟುತ್ತದೆ. ಲಾಮ್‌ಗೆ ಅಲಿಫ್ ಅಂಟುತ್ತದೆ. ಇವೆರಡೂ ಸೇರಿದಾಗ ಬೇರೆಯೇ ಒಂದು ಜೋಡಿ ರೂಪ ಬರುತ್ತದೆ, ಅದನ್ನು ಬಿಡಿಸಿ ಬರೆಯುವ ಹಾಗಿಲ್ಲ. ಆಮೇಲೆ ಮೀಮ್. ಆದರೆ ಅಲಿಫ್ ತನ್ನ ಎಡಗಡೆಯ ಅಕ್ಷರಕ್ಕೆ ಕೈ ಕೊಡುವುದಿಲ್ಲ, ಹಾಗಾಗಿ ಮೀಮ್ ಒಂಟಿಯಾಗಿ ನಿಲ್ಲುತ್ತದೆ. ಅಂದರೆ ನಿಮ್ಮ ಪದ ಎರಡು ತುಂಡು: ಮೂರು ಅಕ್ಷರ ಕೂಡಿದ ಒಂದು ತುಂಡು, ಪಕ್ಕದಲ್ಲಿ ಒಂಟಿ ಮೀಮ್. ಹೀಗೆ ಎಡಕ್ಕೆ ಕೂಡದ ಅಕ್ಷರಗಳು ಆರು ಇವೆ: ಅಲಿಫ್, ದಾಲ್, ಜಾಲ್, ರೇ, ಜೇ, ವಾವ್. ನಮ್ಮ ಒತ್ತಕ್ಷರದ ಹಾಗೆ ಇದಕ್ಕೂ ನಿಯಮ ಇದೆ. ಅದನ್ನು ಕಲಿಯಲು ಒಂದು ವಾರ ಸಾಕು. ಭಾಷೆ ಬಾರದಿದ್ದರೂ ಪರವಾಗಿಲ್ಲ, 28 ಅಕ್ಷರ ಮತ್ತು ಅವು ಕೂಡುವ ರೀತಿ ಬರಲೇಬೇಕು. ಇಲ್ಲದಿದ್ದರೆ ಬರೆದದ್ದು ಅಕ್ಷರದ ಚಿತ್ರ ಆಗುತ್ತದೆ, ಬರಹ ಆಗುವುದಿಲ್ಲ.

ಈಗ ‘ಜೀವ ಬರುತ್ತಿಲ್ಲ’ ಅನ್ನುವ ಮಾತಿಗೆ ಬರುತ್ತೇನೆ. ಕಾರಣ ಅಳತೆ. ಅರೇಬಿಕ್ ಬರಹದಲ್ಲಿ ಸ್ಕೇಲ್ ಅಂದರೆ ಚುಕ್ಕೆ. ಅವರು ಅದಕ್ಕೆ ನುಕ್ತಾ ಅನ್ನುತ್ತಾರೆ. ಕಲಮಿನ, ಅಂದರೆ ಬರೆಯುವ ಪೆನ್ನಿನ, ಮೊನೆಯನ್ನು ಕಾಗದದ ಮೇಲೆ ಓರೆಯಾಗಿಟ್ಟು, ಅದರ ಅಗಲ ಎಷ್ಟಿದೆಯೋ ಅಷ್ಟೇ ದೂರ ಎಳೆದು ನಿಲ್ಲಿಸಿ. ಇಸ್ಪೀಟಿನ ಡೈಮಂಡ್ ಥರದ ಒಂದು ಚೌಕ ಬರುತ್ತದೆ. ಅದೇ ಚುಕ್ಕೆ. ಅಲಿಫ್ ಎಷ್ಟು ಎತ್ತರ, ಬೇ ಎಷ್ಟು ಉದ್ದ, ಮೀಮ್‌ನ ಬಾಲ ಎಷ್ಟು ಇಳಿಯಬೇಕು, ಎಲ್ಲವನ್ನೂ ಈ ಚುಕ್ಕೆಯಿಂದಲೇ ಎಣಿಸುತ್ತಾರೆ. ಸುಲುಸ್ ಶೈಲಿಯಲ್ಲಿ ಅಲಿಫ್ ಸಾಮಾನ್ಯವಾಗಿ 7 ಚುಕ್ಕೆ ಎತ್ತರ. ನಸ್ಖ್‌ನಲ್ಲಿ 5. ರುಕಾ ಶೈಲಿಯಲ್ಲಿ 3. ಪೆನ್ನಿನ ಮೊನೆ ದಪ್ಪವಾದರೆ ಚುಕ್ಕೆ ದೊಡ್ಡದಾಗುತ್ತದೆ, ಅದರ ಜೊತೆಗೆ ಅಕ್ಷರವೂ ಬೆಳೆಯುತ್ತದೆ, ಪ್ರಮಾಣ ಮಾತ್ರ ಅದೇ. ನಿಮ್ಮ ಫೋಟೋದಲ್ಲಿ ಅಲಿಫ್ ಪಕ್ಕ ಚುಕ್ಕೆ ಇಟ್ಟು ನೋಡಿದೆ. ಎರಡೂವರೆ ಚುಕ್ಕೆಗೇ ಮುಗಿದಿದೆ. ನೀವು ಬರೆಯಲು ಹೊರಟಿದ್ದು ಸುಲುಸ್. ಕುಳ್ಳಗಾಗಿ ಕೂತಂತೆ ಕಾಣುವುದು ಅದಕ್ಕೇ.

ಈ ಲೆಕ್ಕದ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಬಗ್ದಾದಿನ ಇಬ್ನ್ ಮುಕ್ಲಾ. ಮೂವರು ಖಲೀಫರ ಕಾಲದಲ್ಲಿ ವಜೀರ ಆಗಿದ್ದವನು. ಚುಕ್ಕೆ, ಅಲಿಫ್ ಮತ್ತು ಅಲಿಫ್ ಅನ್ನೇ ವ್ಯಾಸವಾಗಿಟ್ಟು ಎಳೆದ ವೃತ್ತ, ಈ ಮೂರರ ಅಳತೆಗೆ ಅಕ್ಷರಗಳನ್ನು ಕೂರಿಸಿದ ಕೀರ್ತಿ ಅವನದು. ಅರಮನೆ ರಾಜಕೀಯದಲ್ಲಿ ಸಿಕ್ಕಿಕೊಂಡ. ಬಲಗೈ ಕತ್ತರಿಸಿದರು. ಮೊಂಡುಗೈಗೆ ಕಲಮು ಕಟ್ಟಿಕೊಂಡು ಬರೆಯುತ್ತಿದ್ದ ಅಂತ ಹೇಳುತ್ತಾರೆ. 940ರಲ್ಲಿ ಜೈಲಿನಲ್ಲೇ ಸತ್ತ. ಅವನ ದಾರಿಯನ್ನು ಇನ್ನಷ್ಟು ನಯಗೊಳಿಸಿದವನು ಇಬ್ನ್ ಅಲ್ ಬವ್ವಾಬ್. ಅವನು ಮೊದಲು ಮನೆಗಳಿಗೆ ಬಣ್ಣ ಬಳಿದು ಚಿತ್ತಾರ ಬಿಡಿಸುತ್ತಿದ್ದನಂತೆ. ಡ್ರಾಯಿಂಗ್ ಟೀಚರ್ ಆದ ನಿಮಗೆ ಇದನ್ನು ಹೇಳಲೇಬೇಕು ಅನ್ನಿಸಿತು. ಅವನ ಕೈಯ ಒಂದು ಕುರಾನ್ ಪ್ರತಿ ಈಗಲೂ ಡಬ್ಲಿನ್‌ನ ಚೆಸ್ಟರ್ ಬೀಟಿ ಲೈಬ್ರರಿಯಲ್ಲಿದೆ. ಹಿಜರಿ 391ರದ್ದು, ನಮ್ಮ ಲೆಕ್ಕಕ್ಕೆ 1000–1001. ಸಾವಿರ ವರ್ಷದ ಹಿಂದಿನ ನಸ್ಖ್ ಅದು. ಅದರ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ. ಸಾಲುಗಳು ಎಷ್ಟು ಸಲೀಸಾಗಿ ಹರಿದಿವೆ ಅಂದರೆ, ಅಳತೆ ಇರುವುದೇ ಕಣ್ಣಿಗೆ ಕಾಣುವುದಿಲ್ಲ.

ನಾನು ಸ್ವಲ್ಪ ದಿನ ಕಲಿತದ್ದು ಉರ್ದು ಮದುವೆ ಕಾಗದ ಬರೆಯುತ್ತಿದ್ದ ಕಾತಿಬ್ ಒಬ್ಬರ ಹತ್ತಿರ. ವಯಸ್ಸಾದವರು. ಪ್ರೆಸ್ಸಿನ ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಮೊಣಕಾಲು ಎತ್ತಿ ಕೂತು, ಅದರ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದರು. ನಾನು ಒಂದು ಹಾಳೆ ತುಂಬ ಅಲಿಫ್ ಬರೆದು ಒಯ್ದರೆ, ಅವರು ಏನೂ ಮಾತಾಡದೆ ಕೆಂಪು ಮಸಿಯಲ್ಲಿ ಪ್ರತಿಯೊಂದರ ಪಕ್ಕ ಚುಕ್ಕೆ ಇಡುತ್ತಾ ಹೋಗುತ್ತಿದ್ದರು. ಒಂದು, ಎರಡು, ಮೂರು. ಚುಕ್ಕೆ ಮುಗಿದ ಕಡೆ ನನ್ನ ಅಲಿಫ್ ಮುಗಿದಿರುತ್ತಿರಲಿಲ್ಲ. ಮೂರು ವಾರ ಬರೀ ಅಲಿಫ್. ಆಗ ಬೇಜಾರಾಗುತ್ತಿತ್ತು. ಈಗ ಕೈ ಹಿಡಿದಿರುವುದು ಅದೇ ಮೂರು ವಾರ.

ತುರ್ಕಿಯ ಹಳೆ ಪದ್ಧತಿ ಇನ್ನೂ ಬಿಗಿ. ಅಲ್ಲಿ ಮೊದಲ ಪಾಠವೇ ಒಂದು ಪ್ರಾರ್ಥನೆಯ ಸಾಲು: ‘ಒಡೆಯನೇ, ಸುಲಭ ಮಾಡು, ಕಷ್ಟ ಮಾಡಬೇಡ, ಒಳ್ಳೆಯದಾಗಿ ಮುಗಿಸಿಕೊಡು.’ ಇದೊಂದೇ ಸಾಲನ್ನು ತಿಂಗಳುಗಟ್ಟಲೆ ಬರೆಸುತ್ತಿದ್ದರು. ಆಮೇಲೆ ಬಿಡಿ ಅಕ್ಷರ, ಆಮೇಲೆ ಜೋಡಿ ಅಕ್ಷರ, ಆಮೇಲೆ ವಾಕ್ಯ. ಗುರು ಇಜಾಜತ್, ಅಂದರೆ ಒಪ್ಪಿಗೆ, ಕೊಡುವವರೆಗೆ ಶಿಷ್ಯ ತನ್ನ ಬರಹದ ಕೆಳಗೆ ಹೆಸರು ಹಾಕುವಂತಿರಲಿಲ್ಲ.

ಪೆನ್ನಿಗೆ ಬರೋಣ. ಮಾರ್ಕರ್ ಕೆಟ್ಟದ್ದಲ್ಲ, ಆದರೆ ಎರಡು ದಿನಕ್ಕೆ ಅದರ ಮೂಲೆ ಸವೆದು ದುಂಡಗಾಗುತ್ತದೆ. ಅಕ್ಷರದ ಅಂಚು ಚೂಪಾಗಿ ಬರಲು ಮೂಲೆ ಬೇಕೇ ಬೇಕು. ಮೂಲದಲ್ಲಿ ಇದು ಜೊಂಡಿನ ಕಡ್ಡಿಯ ಕಲಮು. ನಮ್ಮಲ್ಲಿ ಬಿದಿರು ಸುಲಭವಾಗಿ ಸಿಗುತ್ತದೆ, ಅದೇ ಸಾಕು. ಪೆನ್ಸಿಲ್ ದಪ್ಪದ, ಚೆನ್ನಾಗಿ ಒಣಗಿದ ಬಿದಿರು ಕಡ್ಡಿ ತಗೊಳ್ಳಿ. ಒಂದು ತುದಿಯನ್ನು ಎರಡು ಬೆರಳು ಉದ್ದಕ್ಕೆ ಓರೆಯಾಗಿ ಹೆರೆಯಿರಿ. ಎರಡೂ ಬದಿ ಸಮವಾಗಿ ತೆಳ್ಳಗೆ ಮಾಡಿ. ನಡುವೆ ಸಣ್ಣದಾಗಿ ಸೀಳಿ, ಮಸಿ ಇಳಿಯುವುದು ಆ ಸೀಳಿನಲ್ಲೇ. ಕೊನೆಗೆ ಮೊನೆಯನ್ನು ಗಟ್ಟಿ ವಸ್ತುವಿನ ಮೇಲಿಟ್ಟು, ಚಾಕು ಓರೆಯಾಗಿ ಹಿಡಿದು ಒಂದೇ ಏಟಿಗೆ ಒತ್ತಿ. ‘ಟಕ್’ ಅಂತ ಸದ್ದು ಬಂದರೆ ಕಡಿತ ಚೊಕ್ಕ ಆಗಿದೆ ಅಂತ ಅರ್ಥ. ಹಳಬರು ಇದಕ್ಕೆ ಮೂಳೆಯ ಅಥವಾ ದಂತದ ಸಣ್ಣ ಪಟ್ಟಿ ಬಳಸುತ್ತಿದ್ದರು. ನಾನು ಹಳೆಯ ಎಟಿಎಂ ಕಾರ್ಡ್ ಬಳಸುತ್ತೇನೆ. ಚಾಕು ಹರಿತವಾಗಿರಲಿ, ಬೆರಳು ಹಿಂದೆ ಇರಲಿ. ಓರೆ ಸರಿ ಇದೆಯಾ ಅಂತ ತಿಳಿಯುವುದು ಹೇಗೆ? ಕೈಯನ್ನು ತಿರುಚದೆ, ಆರಾಮಾಗಿ ಹಿಡಿದು ಚುಕ್ಕೆ ಇಡಿ. ಚೌಕ ತನ್ನ ಮೂಲೆಯ ಮೇಲೆ ನಿಂತಂತೆ ಬಂದರೆ ಸರಿ. ಮಲಗಿದಂತೆ ಬಂದರೆ ಇನ್ನೊಂದು ಸಲ ಕತ್ತರಿಸಿ.

ಮಸಿ ಅಂಗಡಿಯ ಕಪ್ಪು ಡ್ರಾಯಿಂಗ್ ಇಂಕ್ ಸಾಕು. ಅಸಲಿ ಮಸಿ ದೀಪದ ಕಾಡಿಗೆ ಮತ್ತು ಗೋಂದು ನೀರಲ್ಲಿ ಅರೆದದ್ದು. ನಾನು ಒಮ್ಮೆ ಮಾಡಲು ಹೋಗಿ ಗೋಂದು ಕಡಿಮೆ ಹಾಕಿದೆ. ಒಣಗಿದ ಮೇಲೆ ಕೈ ಸೋಕಿದರೂ ಪುಡಿ ಉದುರುತ್ತಿತ್ತು. ಇಸ್ತಾಂಬುಲ್‌ನ ಸುಲೇಮಾನಿಯೆ ಮಸೀದಿಯಲ್ಲಿ ದೀಪಗಳ ಹೊಗೆ ಗಾಳಿಯ ಜೊತೆ ಬಾಗಿಲ ಮೇಲಿನ ಒಂದು ಕೋಣೆಗೆ ಹೋಗಿ ಕೂರುವಂತೆ ಕಟ್ಟಿದ್ದಾರೆ, ಆ ಕಾಡಿಗೆಯನ್ನು ಮಸಿಗೆ ಬಳಸುತ್ತಿದ್ದರು ಅಂತ ಹೇಳುತ್ತಾರೆ. ಮಸಿಕುಡಿಕೆಯಲ್ಲಿ ಒಂದಿಷ್ಟು ರೇಷ್ಮೆ ಎಳೆ ಹಾಕಿಡಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ತುಂಬಾ ಉಪಕಾರ. ಕಲಮು ಕುಡಿಕೆಯ ತಳಕ್ಕೆ ಬಡಿಯುವುದಿಲ್ಲ, ಬೇಕಾದಷ್ಟೇ ಮಸಿ ಹತ್ತುತ್ತದೆ, ಕಾಗದದ ಮೇಲೆ ಹನಿ ಬೀಳುವುದಿಲ್ಲ.

ಕಾಗದ ಮಸಿ ಹೀರಬಾರದು. ಅದಕ್ಕೇ ತುರ್ಕಿಯಲ್ಲಿ ಕಾಗದಕ್ಕೆ ಗಂಜಿ ಬಳಿದು, ಮೇಲೆ ಪಟಿಕ ಸೇರಿಸಿದ ಮೊಟ್ಟೆಯ ಬಿಳಿ ಬಳಿದು, ನುಣುಪು ಕಲ್ಲಿನಿಂದ ಉಜ್ಜಿ, ತಿಂಗಳುಗಟ್ಟಲೆ ಹಾಗೇ ಇಟ್ಟು ಆಮೇಲೆ ಬರೆಯುತ್ತಿದ್ದರು. ಅಂಥ ಕಾಗದದ ಮೇಲೆ ಮಸಿ ಮೇಲ್ಗಡೆಯೇ ಕೂರುತ್ತದೆ, ತಪ್ಪಾದರೆ ಒದ್ದೆ ಮಾಡಿ ಒರೆಸಬಹುದು. ನಾಲಿಗೆಯಿಂದಲೇ ಒರೆಸುತ್ತಿದ್ದವರೂ ಇದ್ದರು. ತುರ್ಕಿ ಭಾಷೆಯಲ್ಲಿ ಓದು ಕಲಿತವರನ್ನು ಇವತ್ತಿಗೂ ‘ಮಸಿ ನೆಕ್ಕಿದವರು’ ಅನ್ನುತ್ತಾರೆ. ನೀವು ಅಭ್ಯಾಸಕ್ಕೆ ಹಳೆ ಕ್ಯಾಲೆಂಡರಿನ ನುಣುಪು ಹಾಳೆ ಬಳಸಿ, ಫ್ರೇಮಿಗೆ ದಪ್ಪ ಆರ್ಟ್ ಪೇಪರ್ ತನ್ನಿ. ಒಂದು ಎಚ್ಚರಿಕೆ: ಬಲದಿಂದ ಎಡಕ್ಕೆ ಬರೆಯುವಾಗ ಬಲಗೈ ಹಸಿ ಅಕ್ಷರದ ಮೇಲೇ ಬರುತ್ತದೆ. ಕೈಕೆಳಗೆ ಒಂದು ತುಂಡು ಕಾಗದ ಇಟ್ಟುಕೊಳ್ಳಿ.

ಯಾವ ಶೈಲಿ? ನನ್ನ ಅಭಿಪ್ರಾಯ ಕೇಳಿದರೆ, ಕಲಿಯಲು ರುಕಾದಿಂದ ಶುರು ಮಾಡಿ. ಅದು ದಿನಬಳಕೆಯ ಬರಹ, ಗಿಡ್ಡ, ನೇರ, ಕೈಗೆ ಬೇಗ ಒಗ್ಗುತ್ತದೆ. ಸುಲುಸ್‌ನ ಸೊಬಗೇ ಬೇರೆ, ನಾನೂ ಒಪ್ಪುತ್ತೇನೆ. ತಾಜ್ ಮಹಲಿನ ಬಾಗಿಲುಗಳ ಸುತ್ತ ಬಿಳಿ ಅಮೃತಶಿಲೆಯಲ್ಲಿ ಕಪ್ಪು ಕಲ್ಲು ಕೂರಿಸಿ ಅಮಾನತ್ ಖಾನ್ ಬರೆದದ್ದು ಸುಲುಸ್. ಕೆಳಗಿನಿಂದ ನೋಡುವವರಿಗೆ ಒಂದೇ ಗಾತ್ರ ಕಾಣಲಿ ಅಂತ ಮೇಲೆ ಹೋದಂತೆ ಅಕ್ಷರವನ್ನು ದೊಡ್ಡದು ಮಾಡಿದ್ದಾನೆ. ಬೀದರಿನ ಮಹಮೂದ್ ಗವಾನ್ ಮದ್ರಸಾದಲ್ಲೂ ಹೆಂಚಿನ ಪಟ್ಟಿಗಳಲ್ಲಿ ಎತ್ತರದ ಅಕ್ಷರ ಉಳಿದಿವೆ, 1472ರ ಕಟ್ಟಡ ಅದು. ಅವನ್ನು ನೋಡಿ ಕಣ್ಣು ತುಂಬಿಸಿಕೊಳ್ಳಿ, ಆದರೆ ಕೈ ರುಕಾದಲ್ಲಿ ಪಳಗಲಿ. ಗೃಹಪ್ರವೇಶ ಮುಂದಿನ ತಿಂಗಳೇ ಇದ್ದರೆ ಇನ್ನೊಂದು ದಾರಿ ಇದೆ: ಚೌಕ ಕೂಫಿ. ಗ್ರಾಫ್ ಹಾಳೆಯಲ್ಲಿ ಮನೆಮನೆ ತುಂಬುತ್ತಾ ಹೋಗುವುದು, ಬರೀ ನೇರ ಗೆರೆ. ಇರಾನ್ ಕಡೆ ಇಟ್ಟಿಗೆ ಜೋಡಿಸಿಯೇ ಇದನ್ನು ಗೋಡೆ ಮೇಲೆ ಬರೆದಿದ್ದಾರೆ. ನಿಮ್ಮ ಮಕ್ಕಳೂ ಖುಷಿಯಿಂದ ಮಾಡುತ್ತಾರೆ.

ಇನ್ನು ಚಿತ್ರದ ಪ್ರಶ್ನೆ. ‘ಚಿತ್ರ ಬೇಡ ಅಂದರು, ಅದಕ್ಕೇ ಅಕ್ಷರ ಬರೆದರು’ ಅನ್ನುವುದು ಅರ್ಧ ಮಾತು. ಮಸೀದಿಯಲ್ಲಿ, ಕುರಾನ್ ಪ್ರತಿಯಲ್ಲಿ ಮನುಷ್ಯರ ಚಿತ್ರ ಇರುವುದಿಲ್ಲ, ನಿಜ. ಆದರೆ ಜೋರ್ಡಾನ್‌ನ ಕುಸೈರ್ ಅಮ್ರಾದಲ್ಲಿ 8ನೇ ಶತಮಾನದ ಗೋಡೆ ತುಂಬ ಮನುಷ್ಯರ ಚಿತ್ರ ಇವೆ. ಪರ್ಷಿಯಾದ ಪುಸ್ತಕಗಳಲ್ಲಿ ರಾಜರು, ಬೇಟೆ, ಪ್ರೇಮಿಗಳು. ನೀವು ನೋಡಿ ಬಂದ ರೋಜಾದಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್ ಶಾಹನ ಚಿತ್ರಗಳನ್ನು ಅವನ ಕಾಲದಲ್ಲೇ ವಿಜಯಪುರದ ಕಲಾವಿದರು ಬರೆದಿದ್ದಾರೆ. ಚಿತ್ರ ಇದ್ದ ಕಡೆಯೂ ಬರಹಗಾರನಿಗೆ ಚಿತ್ರಕಾರನಿಗಿಂತ ಹೆಚ್ಚಿನ ಗೌರವ ಇತ್ತು. ಯಾಕೆಂದರೆ ಅವರ ನಂಬಿಕೆಯಲ್ಲಿ ದೇವರ ಮಾತು ಬಂದದ್ದೇ ಅರೇಬಿಕ್‌ನಲ್ಲಿ, ಮತ್ತು ಮೊದಲು ಇಳಿದ ಸಾಲುಗಳಲ್ಲೇ ದೇವರು ಕಲಮಿನಿಂದ ಕಲಿಸಿದ ಅನ್ನುವ ಮಾತಿದೆ. ಆ ಮಾತನ್ನು ಸುಮ್ನೆ ಗೀಚಲು ಅವರ ಮನಸ್ಸು ಒಪ್ಪಲಿಲ್ಲ. ಜೆರುಸಲೇಮಿನ ‘ಡೋಮ್ ಆಫ್ ದಿ ರಾಕ್’ ಅನ್ನುವ ಗುಮ್ಮಟದ ಕಟ್ಟಡದ ಒಳಗೆ 691–92ರಲ್ಲೇ ಸುಮಾರು 240 ಮೀಟರ್ ಉದ್ದ ಚಿನ್ನದ ಬಣ್ಣದ ಅಕ್ಷರ ಬರೆಸಿದರು. ಅದನ್ನು ಕಟ್ಟಿಸಿದ ಖಲೀಫ ಅಬ್ದುಲ್ ಮಲಿಕ್ ಮುಂದೆ ನಾಣ್ಯದ ಮೇಲಿನ ಮನುಷ್ಯರೂಪ ತೆಗೆದು ಬರೀ ಅಕ್ಷರ ಹಾಕಿಸಿದ. ಅಲ್ಲಿಂದ ಅಕ್ಷರ ಎಲ್ಲ ಕಡೆ ಹರಡಿತು. ನಿಶಾಪುರದ 10ನೇ ಶತಮಾನದ ಊಟದ ಬಟ್ಟಲುಗಳ ಅಂಚಿಗೂ ‘ಒಡೆಯನಿಗೆ ಒಳಿತಾಗಲಿ’ ಅಂತ ಹರಕೆ ಬರೆದಿದ್ದಾರೆ. ಮನೆಗೆ ‘ಸಲಾಂ’ ಬರೆದು ಕೊಡುವ ನಿಮ್ಮ ಯೋಚನೆಯೂ ಅದೇ ಸಾಲಿಗೆ ಸೇರುತ್ತದೆ. ಕುರಾನಿನ ಸಾಲು ಈಗಲೇ ಬೇಡ. ಅಲ್ಲಿ ಒಂದು ಚುಕ್ಕೆ ತಪ್ಪಿದರೂ ಅರ್ಥ ಕೆಡುತ್ತದೆ.

ಫ್ರೇಮಿಗೆ ದೊಡ್ಡದಾಗಿ ಬರೆಯುವಾಗ ಒಂದೇ ಏಟಿಗೆ ಸರಿ ಬರಬೇಕು ಅಂತ ಹಟ ಹಿಡಿಯಬೇಡಿ. ಇಸ್ತಾಂಬುಲ್‌ನ ಆಯಾ ಸೋಫಿಯಾದಲ್ಲಿ ತೂಗುಹಾಕಿದ ದುಂಡು ಫಲಕಗಳು 7.5 ಮೀಟರ್ ಅಗಲ ಇವೆ. ಅಷ್ಟು ದಪ್ಪದ ಕಲಮು ಎಲ್ಲಿಂದ ಬರಬೇಕು? ಇಂಥ ದೊಡ್ಡ ಬರಹಕ್ಕೆ ಸಣ್ಣದಾಗಿ ಬರೆದು, ಚೌಕ ಹಾಕಿ ಹಿಗ್ಗಿಸಿ, ಅಂಚು ತಿದ್ದುವುದು ರೂಢಿ. ನೀವೂ ಹತ್ತು ಸಲ ಬರೆದು ಒಳ್ಳೆಯದನ್ನು ಆರಿಸಿ. ಅಂಚಿನುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ. ಫ್ರೇಮಿನ ಕಾಗದದ ಮೇಲಿಟ್ಟು, ತೆಳು ಬಟ್ಟೆಯಲ್ಲಿ ಇದ್ದಿಲ ಪುಡಿ ಕಟ್ಟಿ ಮೆಲ್ಲಗೆ ತಟ್ಟಿ. ಕಪ್ಪು ಕಾಗದಕ್ಕಾದರೆ ಸೀಮೆಸುಣ್ಣದ ಪುಡಿ. ಹೊಸಿಲಿಗೆ ತೂತಿನ ಡಬ್ಬಿಯ ರಂಗೋಲಿ ಹಾಕಿದ ಹಾಗೆ ಚುಕ್ಕೆಚುಕ್ಕೆಯಾಗಿ ಅಂಚು ಮೂಡುತ್ತದೆ. ಆಮೇಲೆ ಒಳಗೆ ಬಣ್ಣ ತುಂಬಿ. ಈ ದಾರಿ ಹಳೆ ಉಸ್ತಾದರದೇ, ಮೋಸ ಅಂದುಕೊಳ್ಳಬೇಡಿ. ಫ್ರೇಮ್ ಹಾಕಿಸುವ ಮೊದಲು ಅರೇಬಿಕ್ ಅಥವಾ ಉರ್ದು ಓದುವ ಒಬ್ಬರಿಗೆ ತೋರಿಸಿ. ಆ ಟೀಚರಿಗೇ ತೋರಿಸಬೇಡಿ, ಅವರಿಗೆ ಕೊಡುವ ದಿನದವರೆಗೆ ಗೊತ್ತಾಗದಿರಲಿ.

ಈ ವಾರ ಅಕ್ಷರ ಬೇಡ. ದಿನಾ ಇಪ್ಪತ್ತು ನಿಮಿಷ ಚುಕ್ಕೆ ಇಡಿ, ಮೂರು ಚುಕ್ಕೆ ಒಂದರ ಮೇಲೊಂದು, ಮೂಲೆಗೆ ಮೂಲೆ ತಾಗುವ ಹಾಗೆ. ಅವು ನೆಟ್ಟಗೆ ನಿಂತ ದಿನ ಪಕ್ಕದಲ್ಲಿ ಒಂದು ಅಲಿಫ್ ಎಳೆದು ಫೋಟೋ ಇಲ್ಲೇ ಹಾಕಿ, ಕಲಮಿನ ಮೊನೆಯೂ ಫೋಟೋದಲ್ಲಿ ಕಾಣಲಿ. ಕಡಿತದಲ್ಲಿ ಏನಾದರೂ ಹೆಚ್ಚುಕಡಿಮೆ ಇದ್ದರೆ ನೋಡಿ ಹೇಳುತ್ತೇನೆ.