ಆಟ ಶುರುವಾಗುವ ಮೊದಲೇ ಮೈನಸ್ 10 ಹೇಗೆ ಬಂತು?

ಗಾಲ್ಫ್‌ನ ಫೆಡ್‌ಎಕ್ಸ್ ಕಪ್ ಸರಣಿಯ ಕೊನೆಯ ಪಂದ್ಯಾವಳಿಯಾದ ಟೂರ್ ಚಾಂಪಿಯನ್‌ಶಿಪ್‌ನ ವಿಡಿಯೋದಲ್ಲಿ ಒಂದು ಹೊಡೆತಕ್ಕೂ ಮೊದಲೇ ಆಟಗಾರ ಸ್ಕಾಟಿ ಷೆಫ್ಲರ್ ಹೆಸರಿನ ಮುಂದೆ ಮೈನಸ್ 10 ಇತ್ತು ಅಂದಿರಲ್ಲ, ಅದು ಬಹುಶಃ ಹಳೆ ನಿಯಮ. (ಮೈನಸ್ ಅಂದರೆ ನಿಗದಿತ ಹೊಡೆತಗಳಿಗಿಂತ ಅಷ್ಟು ಕಡಿಮೆ; ಮೈನಸ್ ಹೆಚ್ಚಿದ್ದಷ್ಟೂ ಮುಂದೆ.) 2019ರಿಂದ 2024ರವರೆಗೆ ಸೀಸನ್ ಉದ್ದಕ್ಕೂ ಗಳಿಸಿದ ಫೆಡ್‌ಎಕ್ಸ್ ಕಪ್ ಪಾಯಿಂಟ್ಸ್‌ನಲ್ಲಿ ಮೊದಲಿದ್ದವರು ಮೈನಸ್ 10ರಿಂದ, ಎರಡನೆಯವರು ಮೈನಸ್ 8ರಿಂದ, ಹೀಗೇ ಇಳಿಯುತ್ತಾ ಕೊನೆಯ ಐದು ಜನ ಸೊನ್ನೆಯಿಂದ ಆಡುತ್ತಿದ್ದರು.

ಮೊದಲು ವಿಡಿಯೋದ ವರ್ಷ ನೋಡಿ. 2022, 2023, 2024 ಮೂರರಲ್ಲೂ ಷೆಫ್ಲರ್ ಹಾಗೇ ಶುರು ಮಾಡಿದ್ದು, ಹಾಗಾಗಿ ಯಾವುದು ಅಂತ ನಾನು ಹೇಳಲಾರೆ. ಆಮೇಲೆ ಆ ಅಂಕಿಯನ್ನು ಕೊನೆಯ ಸ್ಕೋರಿನಿಂದ ಕಳೆಯಿರಿ, ನಿಜವಾಗಿ ಆಡಿದ್ದು ಸಿಗುತ್ತದೆ. 2024ರಲ್ಲಿ ಷೆಫ್ಲರ್ ಮೈನಸ್ 30ರಲ್ಲಿ ಗೆದ್ದರು, ಅಂದರೆ ಆಡಿದ್ದು ಮೈನಸ್ 20. ಮೈನಸ್ 4ರಿಂದ ಹೊರಟು ಮೈನಸ್ 26ಕ್ಕೆ ನಿಂತ ಕಾಲಿನ್ ಮೊರಿಕಾವಾ ಆಡಿದ್ದು ಮೈನಸ್ 22, ಆದರೂ ಎರಡನೆಯವರು! ನನಗಂತೂ ಇದು ಅನ್ಯಾಯ ಅನಿಸಿತ್ತು.

2025ರದ್ದಾದರೆ ಕಳೆಯುವುದು ಬೇಡ, ಆಡುವ 30 ಜನರೂ ಸೊನ್ನೆಯಿಂದಲೇ ಶುರು.